ಗಿರಣಿಯ ಗೋಡೆಯ ಎರಡು ಕಿಂಡಿ: ಒಂದು ಜಲವರ್ಣ, ನಾಲ್ಕು ಹಾಳೆ

ಚಿತ್ರ ಮುಗಿದು ವಾಚನಾಲಯಕ್ಕೆ ಹೋಗಿ ಇಂದಿಗೆ ಒಂದು ವಾರ. ಹದಿನೈದು ದಿನದಲ್ಲಿ ಮುಗಿಸಿ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಜೂನ್ ನಡುವೆ ಹಿಡಿದ ಕೆಲಸ ಸೆಪ್ಟೆಂಬರಿಗೆ ಬಂದು ನಿಂತಿತು. ನಾಲ್ಕು ಹಾಳೆಗಳಲ್ಲಿ ಮೂರು ಕೆಟ್ಟವು. ಯಾವುದು ಹೇಗೆ ಕೆಟ್ಟಿತು ಎಂಬುದು ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಮಳೆಗಾಲದಲ್ಲಿ ಮಲೆನಾಡಿನ ಮನೆಯೊಳಗೆ ಕುಳಿತು ಜಲವರ್ಣ ಮಾಡುವವರಿಗೆ ಇದರಲ್ಲಿ ಕೆಲವಾದರೂ ಉಪಯೋಗಕ್ಕೆ ಬಂದೀತು.

ಕಟ್ಟಡ ಸಿದ್ದಾಪುರ ತಾಲ್ಲೂಕಿನ ನಮ್ಮೂರ ಹಳೆಯ ಅಕ್ಕಿ ಗಿರಣಿ. ಚಿರೆಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಮುಂದೆ ಭತ್ತ ಒಣಗಿಸುತ್ತಿದ್ದ ಅಂಗಳ. ನಾನು ಚಿಕ್ಕವಳಿದ್ದಾಗ ಅಪ್ಪನ ಜೊತೆ ಇಲ್ಲಿಗೆ ಬಂದು ತೌಡಿನ ಬಿಸಿ ವಾಸನೆಯಲ್ಲಿ ನಮ್ಮ ಸರದಿಗೆ ಕಾದದ್ದು ನೆನಪಿದೆ. ಗಿರಣಿ ನಿಂತ ಮೇಲೆ ಹತ್ತು ಹನ್ನೆರಡು ವರ್ಷ ಬೀಗ ಬಿದ್ದಿತ್ತು. ಮಾಲೀಕರ ಮನೆಯವರು ಒಪ್ಪಿದ ಮೇಲೆ ಊರವರೇ ಸೇರಿ ಮಾಡು ಬಿಚ್ಚಿ ಕಟ್ಟಿದರು, ಒಡೆದ ಹಂಚು ಬದಲಿಸಿದರು, ಒಳಗೆ ಕಪಾಟು ಇಟ್ಟು ಮಕ್ಕಳಿಗೆ ವಾಚನಾಲಯ ಮಾಡಿದರು. ಭತ್ತ ಅಕ್ಕಿಯಾಗುತ್ತಿದ್ದ ಹಲ್ಲರ್ ಯಂತ್ರ ಹೋಗಿದೆ. ಮೇಲೆ ಅಡ್ಡಕ್ಕೆ ಹಾದಿರುವ ಕಬ್ಬಿಣದ ಶಾಫ್ಟ್ ಮಾತ್ರ ಹಾಗೇ ಇದೆ, ಈಗ ಅದರಿಂದ ದೀಪಗಳನ್ನು ಇಳಿಬಿಟ್ಟಿದ್ದಾರೆ.

ನನಗೆ ಚಿತ್ರಿಸಬೇಕೆನಿಸಿದ್ದು ಪಕ್ಕದ ಗೋಡೆ. ಅದಕ್ಕೆ ಒರಗಿದಂತೆ ತಗಡಿನ ಎಂಜಿನ್ ಕೋಣೆ ಇತ್ತು. ತಗಡು ತೆಗೆದ ಮೇಲೆ ಒಳಗಿನ ಗೋಡೆ ಹೊರಗಿನ ಗೋಡೆಯಾಯಿತು. ಡೀಸೆಲ್ ಹೊಗೆಯ ಕಪ್ಪು ಅದರ ಮೇಲೆ ಇನ್ನೂ ಇದೆ, ತಗಡು ಎಲ್ಲಿಂದ ಎಲ್ಲಿಗೆ ಇಳಿದಿತ್ತು ಎಂಬ ಓರೆ ಗೆರೆಯೂ ಇದೆ. ಎಂಜಿನ್ನಿನಿಂದ ಒಳಗಿನ ಶಾಫ್ಟಿಗೆ ಬೆಲ್ಟ್ ಹೋಗುತ್ತಿದ್ದ ಎರಡು ಕಿಂಡಿಗಳಿವೆ, ಒಂದರ ಮೇಲೊಂದು. ಅವನ್ನು ಮುಚ್ಚದೆ ಗಾಜು ಹಾಕಿಸಿದ್ದಾರೆ. ಮುಸ್ಸಂಜೆ ಒಳಗೆ ದೀಪ ಹಾಕಿದರೆ ಕಪ್ಪು ಗೋಡೆಯಲ್ಲಿ ಆ ಎರಡು ಚುಕ್ಕಿಗಳಷ್ಟೇ ಹೊಳೆಯುತ್ತವೆ.

ಹಂತ 1. ಅಳತೆ (ಜೂನ್ 16 ಮತ್ತು 17, 2024)

ಸಾಮಾನು: 30 ಮೀಟರಿನ ಟೇಪು, ಕೊಡೆ, ಗೆರೆಯಿಲ್ಲದ ನೋಟುಬುಕ್ಕು, 2ಬಿ ಪೆನ್ಸಿಲ್. ಅಂಗಳದ ತುದಿಯ ಹಲಸಿನ ಮರದ ಬುಡದಲ್ಲಿ ನಿಂತೆ. ಅಲ್ಲಿಂದ ಗೋಡೆಗೆ ಸುಮಾರು 70 ಅಡಿ.

ಪಕ್ಕದ ಗೋಡೆಯ ಅಗಲ 28 ಅಡಿ. ಸೂರಿನವರೆಗೆ ಎತ್ತರ 14 ಅಡಿ, ಮಾಡಿನ ನೆತ್ತಿಗೆ 22. ಉದ್ದದ ಗೋಡೆ 60 ಅಡಿ. ಹತ್ತಿರದ ಗೋಡೆಗೆ ಒಂದು ಅಂಗುಲಕ್ಕೆ ನಾಲ್ಕು ಅಡಿಯ ಲೆಕ್ಕ ಹಿಡಿದರೆ ಹಾಳೆಯಲ್ಲಿ 7 ಅಂಗುಲ ಬರುತ್ತದೆ. ದೂರಕ್ಕೆ ಸರಿಯುವ ಉದ್ದದ ಗೋಡೆ ಕಣ್ಣಿಗೆ ಕುಗ್ಗಿ ಕಾಣುವುದರಿಂದ ಅದಕ್ಕೆ 9 ಅಂಗುಲ ಕೊಟ್ಟೆ. ಮಾಡಿನಲ್ಲಿ ಹಂಚಿನ ಸಾಲುಗಳನ್ನು ಎಣಿಸಿದೆ, ಹದಿನೇಳು.

ಇಷ್ಟೆಲ್ಲ ಅಳೆದವಳು ಕಿಂಡಿಗಳನ್ನು ಅಳೆಯಲಿಲ್ಲ. ನೋಟುಬುಕ್ಕಿನಲ್ಲಿ "ಎರಡು ಚೌಕ ಕಿಂಡಿ" ಎಂದು ಬರೆದು ಮುಂದೆ ಹೋದೆ. ಇಡೀ ಚಿತ್ರಕ್ಕೆ ಕಾರಣವಾದ ಜಾಗವನ್ನೇ ಕಣ್ಣಂದಾಜಿಗೆ ಬಿಟ್ಟದ್ದು ಮೊದಲನೆಯ ತಪ್ಪು.

ಹಂತ 2. ಮೊದಲ ಹಾಳೆ (ಜೂನ್ 22)

ಮೂರು ವರ್ಷದ ಹಿಂದೆ ಕೊಂಡ 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದ ಅಟ್ಟದ ಮೇಲಿತ್ತು. ಹೊಸದಕ್ಕೆ ಹಣ ಹಾಕುವುದೇಕೆ ಎಂದು ಅದನ್ನೇ ತೆಗೆದೆ. ಪೆನ್ಸಿಲ್ ಚಿತ್ರಕ್ಕೆ ಎರಡು ಗಂಟೆ ಹಿಡಿಯಿತು. ಆಕಾಶದ ಮೊದಲ ವಾಶ್ (ನೀರಿನಲ್ಲಿ ಕಲಸಿ ಅಗಲಕ್ಕೆ ಹರಡುವ ಬಣ್ಣದ ಪದರ) ಎಳೆದ ಕೂಡಲೇ ಬೂದುಬಣ್ಣದ ನಡುವೆ ಸಾಸಿವೆ ಕಾಳಿನಷ್ಟು ದೊಡ್ಡ ಕಪ್ಪು ಚುಕ್ಕಿಗಳು ಎದ್ದವು. ಕೆಲವು ಕಡೆ ಬಣ್ಣ ಮೇಲೆ ನಿಲ್ಲದೆ ಶಾಯಿ ಹೀರುವ ಕಾಗದದಲ್ಲಿ ಇಳಿದಂತೆ ಒಳಕ್ಕಿಳಿಯಿತು.

ಕಾಗದದ ಸೈಜಿಂಗ್, ಅಂದರೆ ಬಣ್ಣ ಒಮ್ಮೆಲೇ ಹೀರದಂತೆ ತಡೆಯುವ ಅಂಟು, ಮೂರು ಮಳೆಗಾಲದ ತೇವಕ್ಕೆ ಸತ್ತುಹೋಗಿತ್ತು. ಒಣ ಹಾಳೆಯನ್ನು ನೋಡಿದರೆ ಇದು ತಿಳಿಯುವುದಿಲ್ಲ. ಈಗ ಯಾವ ಹಾಳೆ ತೆಗೆದರೂ ಮೊದಲು ಅಂಚಿನಲ್ಲಿ ಒಂದಂಗುಲ ಜಾಗಕ್ಕೆ ತೆಳು ಬಣ್ಣ ಹಾಕಿ ನೋಡುತ್ತೇನೆ. ಉಳಿದ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಟ್ಟದಿಂದ ಇಳಿಸಿ, ಬಟ್ಟೆಯ ಕಪಾಟಿನಲ್ಲಿ ಇಟ್ಟಿದ್ದೇನೆ.

ಹಂತ 3. ಎರಡನೆಯ ಹಾಳೆ (ಜೂನ್ 30ರಿಂದ ಜುಲೈ 9)

ಹೊಸ ಕಾಗದ ಅಂಚೆಯಲ್ಲಿ ಬಂತು. 22 × 30 ಅಂಗುಲದ ಎರಡು ಹಾಳೆ, ಒಂದಕ್ಕೆ 780 ರೂಪಾಯಿ. ಮಧ್ಯಕ್ಕೆ ಕತ್ತರಿಸಿದರೆ ನಾಲ್ಕು ಚಿತ್ರಕ್ಕೆ ಆಗುತ್ತದೆ. ಬಡಗಿಯವರ ಹತ್ತಿರ 18 × 25 ಅಂಗುಲದ, 12 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಲಗೆ ಮಾಡಿಸಿದೆ. ಹಾಳೆಯನ್ನು ಬಚ್ಚಲ ತೊಟ್ಟಿಯಲ್ಲಿ ಎಂಟು ನಿಮಿಷ ನೆನೆಸಿ, ನೀರು ಸೋರಿಸಿ, ಹಲಗೆಗೆ ಹಾಸಿ, ಎರಡಂಗುಲದ ಗಮ್ ಟೇಪಿನಿಂದ ನಾಲ್ಕೂ ಬದಿ ಬಿಗಿದೆ. ಬೇಸಿಗೆಯಲ್ಲಿ ಮೂರು ನಾಲ್ಕು ಗಂಟೆಗೆ ತಮಟೆಯಂತೆ ಬಿಗಿಯಾಗುವ ಕಾಗದ ಈ ಸಲ ಒಂದೂವರೆ ದಿನ ತೆಗೆದುಕೊಂಡಿತು.

ಕಿಂಡಿಗಳ ಬಿಳಿ ಉಳಿಸಲು ಮಾಸ್ಕಿಂಗ್ ಫ್ಲೂಯಿಡ್ ಹಚ್ಚಿದೆ. ಅದು ರಬ್ಬರ್ ಹಾಲು. ಒಣಗಿದ ಮೇಲೆ ಅದರ ಮೇಲೆಯೇ ಬಣ್ಣ ಎಳೆದು, ಕೊನೆಗೆ ಬೆರಳಿನಿಂದ ಉಜ್ಜಿ ತೆಗೆದರೆ ಕೆಳಗಿನ ಬಿಳಿ ಉಳಿದಿರುತ್ತದೆ. ಕುಂಚಕ್ಕೆ ಮೊದಲು ಸೋಪು ಸವರಿಕೊಂಡಿದ್ದರಿಂದ ಕೂದಲು ಕೆಡಲಿಲ್ಲ. ಆಕಾಶ, ಮಾಡು, ಹೊಗೆ ಹಿಡಿದ ಗೋಡೆ ಎಲ್ಲವೂ ಚೆನ್ನಾಗಿಯೇ ಬಂದವು. ನಡುವೆ ಮನೆಯಲ್ಲಿ ನೆಂಟರಿದ್ದರು, ಹಲಗೆ ಆರು ದಿನ ಹಾಗೇ ಕುಳಿತಿತು. ಏಳನೆಯ ದಿನ ಮಾಸ್ಕಿಂಗ್ ತೆಗೆಯಲು ಹೋದರೆ ರಬ್ಬರಿನ ಜೊತೆ ಕಾಗದದ ಮೇಲ್ಪದರವೂ ಎದ್ದು ಬಂತು. ಮೇಲಿನ ಕಿಂಡಿಯ ಜಾಗದಲ್ಲಿ ಹತ್ತಿ ಕಿತ್ತಂತೆ ನಾರು ನಿಂತಿತು. ಅದರ ಮೇಲೆ ಏನು ಹಚ್ಚಿದರೂ ಕೆಸರಾಗುತ್ತದೆ. ಹಚ್ಚಿದರೆ ಮರುದಿನವೇ ತೆಗೆಯಬೇಕು. ಮಳೆಗಾಲದಲ್ಲಿ ಹಚ್ಚದಿರುವುದೇ ಒಳ್ಳೆಯದು.

ಆದರೂ ಉಳಿದ ಚಿತ್ರ ಹೇಗಿದೆ ಎಂದು ಕೇಳಲು ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ ಅಜ್ಜನನ್ನು ಕರೆದೆ. ಎಂಬತ್ತರ ಮೇಲಾಗಿದೆ ಅವರಿಗೆ. ಜಗಲಿಯಲ್ಲಿ ಕುಳಿತು, ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಎರಡೂ ಒಂದೇ ಅಳತೆ ಮಾಡಿದ್ದೀಯಲ್ಲ, ತಂಗೀ."

"ಒಂದೇ ಅಲ್ಲವೇ ಅಜ್ಜ?"

"ಕೆಳಗಿನ ಬೆಲ್ಟ್ ಎಳೆಯುತ್ತಿತ್ತು, ಬಿಗಿಯಾಗಿರುತ್ತಿತ್ತು. ಮೇಲಿನದು ಸಡಿಲ. ಅದು ಜೋಲಿ ಹೊಡೆಯುತ್ತಿತ್ತು. ಮೊದಲು ಎರಡನ್ನೂ ಸಣ್ಣದಾಗಿಯೇ ಬಿಟ್ಟಿದ್ದರು. ಬೆಲ್ಟ್ ಕಲ್ಲಿಗೆ ಉಜ್ಜಿ ಉಜ್ಜಿ ಹರಿಯತೊಡಗಿತು. ಆಮೇಲೆ ಮೇಲಿನದನ್ನು ನಾನೇ ಉಳಿ ಹಿಡಿದು ದೊಡ್ಡದು ಮಾಡಿದೆ. ಹೋಗಿ ನೋಡು, ಮೇಲಂಚು ನೆಟ್ಟಗಿಲ್ಲ."

ಆ ಸಂಜೆಯೇ ಏಣಿ ಹಾಕಿ ಅಳೆದೆ. ಎರಡರ ಅಗಲವೂ 9 ಅಂಗುಲ. ಕೆಳಗಿನ ಕಿಂಡಿಯ ಎತ್ತರ 6, ಮೇಲಿನದು 10. ಮೇಲಂಚಿನಲ್ಲಿ ಉಳಿಯ ಏಟುಗಳು ಬೆರಳಿಗೆ ಸಿಗುತ್ತವೆ, ಎಡಗಡೆ ಸ್ವಲ್ಪ ಹೆಚ್ಚು ಕೊರೆದಿದೆ. ನನ್ನ ಹಾಳೆಯ ಅಳತೆಯಲ್ಲಿ ಇದು ಐದು ಮಿಲಿಮೀಟರಿಗೂ ಮೂರು ಮಿಲಿಮೀಟರಿಗೂ ಇರುವ ವ್ಯತ್ಯಾಸ. ಅಷ್ಟು ಸಣ್ಣದಕ್ಕೆ ಇಷ್ಟೇಕೆ ಎಂದು ಯಾರಾದರೂ ಕೇಳಬಹುದು. ಆ ಗೋಡೆಯ ಮೂಲಕ ಬೆಲ್ಟ್ ಓಡುತ್ತಿತ್ತು ಎನ್ನುವುದಕ್ಕೆ ಉಳಿದಿರುವ ಗುರುತು ಅದೊಂದೇ. ಅದನ್ನು ಎರಡು ಸಮ ಚೌಕ ಮಾಡಿದರೆ ಗಾಳಿಗೆ ಬಿಟ್ಟ ಕಿಂಡಿಯಾಗುತ್ತದೆ.

ಅಜ್ಜ ಹೊರಡುವಾಗ ಇನ್ನೊಂದು ಮಾತು ಕೇಳಿದರು: "ಮಕ್ಕಳ ಸೈಕಲ್ ಎಲ್ಲಿ?" ನಾನು ಸೈಕಲ್ ಬಿಟ್ಟಿದ್ದೆ. ಹೊಸ ಹಂಚನ್ನೂ ಬಿಟ್ಟಿದ್ದೆ, ಬಾಗಿಲ ಪಕ್ಕದ ಚಪ್ಪಲಿಗಳನ್ನೂ. ಕಪ್ಪು ಮಾಡು, ಪಾಚಿ, ಮಸಿ, ಯಾರೂ ಇಲ್ಲದ ಅಂಗಳ. ಹಾಳುಬಿದ್ದ ಗಿರಣಿಯನ್ನು ಮಾಡಿಟ್ಟಿದ್ದೆ. ದಿನವೂ ಸಂಜೆ ಮೂವತ್ತು ಮಕ್ಕಳು ಬರುವ ಜಾಗ ನನ್ನ ಹಾಳೆಯಲ್ಲಿ ಇರಲೇ ಇಲ್ಲ. ಕಾಗದ ಕಿತ್ತುಬಂದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಕಾಡಿತು. ಹಳೆಯ ಕಟ್ಟಡ ಕಂಡರೆ ಕುಂಚ ತಾನಾಗಿ ಪಾಳುಮನೆಯ ಕಡೆಗೆ ತಿರುಗುತ್ತದೆ. ಆ ರೂಢಿಯನ್ನು ಬೇಕೆಂದೇ ಮುರಿಯಬೇಕಾಯಿತು.

ಹಂತ 4. ಹಂಚಿನ ಬಣ್ಣ (ಜುಲೈ 10ರಿಂದ 18)

ಮಳೆಗೆ ಶಾಲೆಗಳಿಗೆ ರಜೆ, ನನಗೂ ಬಿಡುವು. ದೊಡ್ಡ ಹಾಳೆ ಮುಟ್ಟದೆ 4 × 6 ಅಂಗುಲದ ತುಂಡುಗಳಲ್ಲಿ ಮಾಡು ಮಾತ್ರ ಅಭ್ಯಾಸ ಮಾಡಿದೆ, ಒಟ್ಟು ಒಂಬತ್ತು.

ವಾಚನಾಲಯದ ಹಿತ್ತಿಲಿನಿಂದ ಒಂದು ಹಳೆಯ ಹಂಚು, ಒಂದು ಹೊಸದು ತಂದು ಮೇಜಿನ ಮೇಲಿಟ್ಟೆ. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಶುರು ಮಾಡಿದ ಹಂಚಿನ ಕೆಲಸ ಘಟ್ಟ ಹತ್ತಿ ನಮ್ಮ ಮಾಡುಗಳ ಮೇಲೆ ಕುಳಿತದ್ದು. ಹಳೆಯ ಹಂಚನ್ನು ಮಗುಚಿದರೆ ಕಾರ್ಖಾನೆಯ ಮುದ್ರೆ, ಅದರ ಸುತ್ತ ಎಂದೂ ಬಿಸಿಲು ಕಾಣದ ಹಸಿ ಕೆಂಪು. ಮೇಲ್ಮೈ ಮಾತ್ರ ಕಪ್ಪು. ಹಾಗಾಗಿ ಹಳೆಯ ಹಂಚಿಗೆ ನೇರ ಕಪ್ಪು ಹಾಕಿದರೆ ಸುಳ್ಳಾಗುತ್ತದೆ. ಕೊನೆಗೆ ಕೂಡಿಬಂದ ಕ್ರಮ ಹೀಗಿದೆ: ಮೊದಲು ಇಡೀ ಮಾಡಿಗೆ ಬರ್ನ್ಟ್ ಸಿಯೆನ್ನಾದ (ಕೆಂಗಂದು ಬಣ್ಣ) ತೆಳು ವಾಶ್. ಅದು ಪೂರ್ತಿ ಒಣಗಿದ ಮೇಲೆ ಬರ್ನ್ಟ್ ಸಿಯೆನ್ನಾ ಮತ್ತು ಅಲ್ಟ್ರಾಮರೀನ್ (ಗಾಢ ನೀಲಿ) ಸೇರಿಸಿದ ಗಾಢ ಬೂದು. ಅದು ಹಸಿಯಿರುವಾಗಲೇ ಸೂರಿನ ಕಡೆ ಎರಡು ಮೂರು ಹನಿ ಸ್ಯಾಪ್ ಗ್ರೀನ್. ಅಲ್ಟ್ರಾಮರೀನ್ ಕಾಗದದ ತಗ್ಗುಗಳಲ್ಲಿ ಕಣಕಣವಾಗಿ ಕೂರುವುದರಿಂದ ಪಾಚಿಯ ಒರಟುತನ ತಾನಾಗಿ ಬರುತ್ತದೆ.

ಹೊಸ ಹಂಚುಗಳು ಮಾಡಿನ ಬಲಭಾಗದಲ್ಲಿ, ನಡುವಿನ ಆರು ಸಾಲುಗಳಲ್ಲಿ ತೇಪೆಯಂತಿವೆ. ಅವುಗಳ ಜಾಗದಲ್ಲಿ ಎರಡನೆಯ ವಾಶ್ ಬಿಟ್ಟು, ಲೈಟ್ ರೆಡ್ (ಇಟ್ಟಿಗೆ ಕೆಂಪು) ಮತ್ತು ಯೆಲ್ಲೋ ಓಕರ್ (ಮಣ್ಣಿನ ಹಳದಿ) ಸೇರಿಸಿ ಹಾಕಿದೆ. ಮೊದಲ ನಾಲ್ಕು ತುಂಡುಗಳಲ್ಲಿ ಒಂದೊಂದು ಹಂಚನ್ನೂ ಗೆರೆ ಎಳೆದು ತೋರಿಸಿದ್ದೆ, ಮಾಡು ಮೀನಿನ ಮೈಯಂತೆ ಕಂಡಿತು. ಹದಿನೇಳು ಸಾಲುಗಳಲ್ಲಿ ಐದರ ಗೆರೆ ಮಾತ್ರ ಎಳೆದು, ಅದನ್ನೂ ಅಲ್ಲಲ್ಲಿ ತುಂಡರಿಸಿದಾಗ ಸರಿಹೋಯಿತು. ಒಂಬತ್ತನೆಯ ತುಂಡು ನನಗೆ ದೊಡ್ಡ ಚಿತ್ರಕ್ಕಿಂತ ಇಷ್ಟ. ಅದನ್ನು ಮೇಜಿನ ಎದುರಿಗೆ ಅಂಟಿಸಿಕೊಂಡಿದ್ದೇನೆ.

ಹಂತ 5. ಮೂರನೆಯ ಹಾಳೆ (ಜುಲೈ 21ರಿಂದ 27)

ಇದು ಅವಸರದಿಂದ ಕೆಟ್ಟಿತು. ಆಕಾಶ ಇನ್ನೂ ತಣ್ಣಗಿತ್ತು. ಅಂಗೈಯ ಹಿಂಬದಿಯನ್ನು ಕಾಗದಕ್ಕೆ ತಾಗಿಸಿದಾಗ ತಣ್ಣಗಿದ್ದರೆ ಒಳಗೆ ನೀರಿದೆ ಎಂದರ್ಥ. ಅದು ಗೊತ್ತಿದ್ದೂ ಮಾಡಿನ ಅಂಚಿಗೆ ಕೈ ಹಾಕಿದೆ. ಕುಂಚದ ನೀರು ಆಕಾಶಕ್ಕೆ ಹಿಂದಕ್ಕೆ ಹರಿದು ಹೂಕೋಸಿನಂತೆ ಅರಳಿತು. ಒಣಗಿಸೋಣ ಎಂದು ಹೇರ್ ಡ್ರೈಯರ್ ಹತ್ತಿರ ಹಿಡಿದೆ, ನೀರು ಅಂಚಿಗೆ ಓಡಿ ಗೆರೆ ಗಟ್ಟಿಯಾಯಿತು. ಅಷ್ಟರಲ್ಲಿ ಕರೆಂಟು ಹೋಯಿತು. ಹಲಗೆಯನ್ನು ಬಚ್ಚಲ ಒಲೆಯ ಪಕ್ಕ ಒರಗಿಸಿದೆ. ಬೇಗನೆ ಒಣಗಿತು ನಿಜ, ಜೊತೆಗೆ ಬೂದಿಯ ಕಣಗಳೂ ಕೂತವು. ಒಲೆಯ ಪಕ್ಕ ಇಡುವುದಾದರೆ ಬಾಗಿಲಿನ ಆಚೆ ಬದಿಯಲ್ಲಿ, ಬಿಸಿ ಮಾತ್ರ ತಾಗುವಂತೆ ಇಡಬೇಕು.

ಇಷ್ಟಾದರೂ ಮುಂದುವರಿಸಿದೆ, ಏಕೆಂದರೆ ದೀಪದ ಬೆಳಕನ್ನು ಕಲಿಯಬೇಕಿತ್ತು. ಕಿಂಡಿಗಳ ಸುತ್ತ ಹಳದಿ ಹಾಕಿದೆ, ಒಳಗೆ ಕಂದೀಲು ಉರಿಯುತ್ತಿರುವ ಹಾಗೆ. ಚೆಂದವಾಗಿಯೇ ಕಂಡಿತು. ಸಂಜೆ ಹೋಗಿ ಹಲಸಿನ ಬುಡದಲ್ಲಿ ನಿಂತು ಹೋಲಿಸಿದರೆ ಅಲ್ಲಿ ಹಳದಿಯೇ ಇಲ್ಲ. ಶಾಫ್ಟಿನಿಂದ ಇಳಿಬಿಟ್ಟದ್ದು ಎಲ್‌ಇಡಿ ದೀಪ. ಅಪ್ಪಟ ಬಿಳಿ. ಕಪ್ಪು ಗೋಡೆಯ ನಡುವೆ ಆ ಬಿಳಿ ಕಣ್ಣಿಗೆ ಚುಚ್ಚುವಷ್ಟು ಹರಿತ. ಕಂದೀಲಿನ ಹಳದಿ ನನ್ನ ನೆನಪಿನದು. ಮಕ್ಕಳು ಓದುವುದು ಬಿಳಿ ಬೆಳಕಿನಲ್ಲಿ.

ಹಂತ 6. ನಾಲ್ಕನೆಯ ಹಾಳೆ (ಆಗಸ್ಟ್ 11ರಿಂದ 25)

ಈ ಸಲ ದಿನಕ್ಕೆ ಒಂದೇ ವಾಶ್ ಎಂದು ನಿಯಮ ಮಾಡಿಕೊಂಡೆ. ಮಾಸ್ಕಿಂಗ್ ಇಲ್ಲ, ಡ್ರೈಯರ್ ಇಲ್ಲ.

11: ಕಾಗದ ಬಿಗಿದದ್ದು. 13: ಪೆನ್ಸಿಲ್. ದೂರಕ್ಕೆ ಸರಿಯುವ ಗೆರೆಗಳೆಲ್ಲ ಕೂಡುವ ಬಿಂದುವಿಗೆ ಸರಿಯಾಗಿ ಹಲಗೆಯ ಪಕ್ಕ ಮೇಜಿಗೆ ಮೊಳೆ ಹೊಡೆದು, ದಾರ ಕಟ್ಟಿ, ಸೂರು ಮತ್ತು ಕಿಟಕಿಗಳ ಗೆರೆಗಳನ್ನು ಅದರ ಗುಂಟ ಎಳೆದೆ. ದಾರ ಒಮ್ಮೆ ಜಾರಿದ್ದು ಗಮನಕ್ಕೆ ಬರಲಿಲ್ಲ. ಉದ್ದದ ಗೋಡೆಯ ಮೂರನೆಯ ಕಿಟಕಿ ಎರಡು ಮಿಲಿಮೀಟರಿನಷ್ಟು ಕೆಳಗೆ ಕುಳಿತಿದೆ. ಬಣ್ಣ ಹಾಕಿದ ಮೇಲೆ ಕಂಡದ್ದರಿಂದ ಅದು ಹಾಗೇ ಉಳಿದಿದೆ.

14: ಆಕಾಶ. ಇಡೀ ಮೇಲ್ಭಾಗ ನೀರಿನಿಂದ ತೋಯಿಸಿ, ಹಲಗೆಯನ್ನು ಎರಡಂಗುಲ ಎತ್ತರಿಸಿ, ಬೂದು ಬಣ್ಣ ಮೇಲಿನಿಂದ ಬಿಟ್ಟೆ. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿ ವರ್ಷಗಳ ಹಿಂದೆ ಕೆ. ವೆಂಕಟಪ್ಪನವರ (1886–1965) ಊಟಿಯ ಜಲವರ್ಣಗಳ ಮುಂದೆ ನಿಂತಿದ್ದೆ. ಅಲ್ಲಿನ ಮಂಜಿನ ತಾಳ್ಮೆ ನೆನಪಿಗೆ ಬಂತು. ಗಿರಣಿಯ ಹಿಂದಿನ ಅಡಿಕೆ ತೋಟವನ್ನು ಬೇರೆಯಾಗಿ ಬಿಡಿಸದೆ, ಆಕಾಶ ಹಸಿಯಿರುವಾಗಲೇ ತುದಿಗಳನ್ನು ಅದರಲ್ಲಿ ಕರಗಿಸಿದೆ. ಎಡ ಮೂಲೆಯಲ್ಲಿ ಒಂದು ಸಣ್ಣ ಹೂಕೋಸು ಬಂದಿದೆ. ಮುಟ್ಟಲಿಲ್ಲ.

16ರಿಂದ 19: ಮಾಡು, ಅಭ್ಯಾಸದ ಕ್ರಮದಲ್ಲೇ. ಹೊಸ ಹಂಚಿನ ತೇಪೆ ಮೊದಲ ಸಲಕ್ಕೆ ಕೂತಿತು.

20: ಉದ್ದದ ಗೋಡೆಯ ಚಿರೆಕಲ್ಲು. ಲೈಟ್ ರೆಡ್ ಮತ್ತು ಓಕರಿನ ವಾಶ್, ಒಣಗಿದ ಮೇಲೆ ಒಣ ಕುಂಚವನ್ನು ಮಲಗಿಸಿ ಎಳೆದರೆ ಕಲ್ಲಿನ ತೂತುಗಳು ಕಾಣುತ್ತವೆ. ಹಲ್ಲುಜ್ಜುವ ಬ್ರಷ್ಷಿನಿಂದ ಗಾಢ ಬಣ್ಣ ಚಿಮ್ಮಿಸುವಾಗ ಆಕಾಶಕ್ಕೆ ಹಳೆಯ ಪತ್ರಿಕೆ ಮುಚ್ಚಿದ್ದೆ.

22: ಮಸಿಗೋಡೆ. ಇದಕ್ಕಾಗಿ ಮೂರು ದಿನದಿಂದ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಬರ್ನ್ಟ್ ಅಂಬರ್ (ಗಾಢ ಕಂದು) ಮತ್ತು ಅಲ್ಟ್ರಾಮರೀನ್ ಎರಡನ್ನೂ ಹೆಚ್ಚು ಬಣ್ಣ, ಕಡಿಮೆ ನೀರಿನಲ್ಲಿ ಒಂದು ಬಟ್ಟಲು ತುಂಬ ಕಲಸಿಟ್ಟುಕೊಂಡೆ. ಒಣಗಿದ ಮೇಲೆ ಬಣ್ಣ ತಿಳಿಯಾಗುತ್ತದಾದ್ದರಿಂದ ಕಣ್ಣಿಗೆ ಬೇಕೆನಿಸಿದ್ದಕ್ಕಿಂತ ಒಂದು ಪಟ್ಟು ಕಪ್ಪಾಗಿಯೇ ಕಲಸಿದ್ದೆ. 4ನೇ ನಂಬರಿನ ಕುಂಚದಿಂದ ಮೊದಲು ಮೇಲಿನ ಕಿಂಡಿಯ ಸುತ್ತ ಗೆರೆ ಕಟ್ಟಿದೆ. ಮೇಲಂಚನ್ನು ನೆಟ್ಟಗೆ ಎಳೆಯದೆ, ಕುಂಚದ ತುದಿಯಿಂದ ಚುಚ್ಚಿ ಚುಚ್ಚಿ, ಎಡಕ್ಕೆ ಸ್ವಲ್ಪ ಮೇಲೇರಿಸಿದೆ. ಆ ಅಂಚು ಒಣಗುವ ಮೊದಲೇ 12ನೇ ನಂಬರಿನ ಕುಂಚದಿಂದ ಉಳಿದ ಗೋಡೆಯನ್ನು ಅದಕ್ಕೆ ಕೂಡಿಸಬೇಕು, ಇಲ್ಲವಾದರೆ ಕಿಂಡಿಯ ಸುತ್ತ ಚೌಕಟ್ಟು ನಿಲ್ಲುತ್ತದೆ. ಆಮೇಲೆ ಕೆಳಗಿನ ಕಿಂಡಿ. ಹತ್ತು ನಿಮಿಷದ ಕೆಲಸ, ಆ ಹತ್ತು ನಿಮಿಷ ಯಾರು ಕರೆದರೂ ಓಗೊಡಲಿಲ್ಲ. ತಗಡಿನ ಓರೆ ಗೆರೆ ಇರುವಲ್ಲಿ ಹಸಿ ಬಣ್ಣವನ್ನು ಹಿಂಡಿದ ಕುಂಚದಿಂದ ಹೀರಿ ಎತ್ತಿದೆ. ಕಿಂಡಿಗಳೊಳಗೆ ಕಾಗದದ ಬಿಳಿಯೇ ಉಳಿದಿದೆ, ಬಣ್ಣ ಒಂದು ಹನಿಯೂ ಇಲ್ಲ.

24 ಮತ್ತು 25: ಅಂಗಳದ ನೀರು, ಬಾಗಿಲು, ಚಪ್ಪಲಿಗಳು, ಸೈಕಲ್. ಏಳು ಸೈಕಲ್ ಹಾಕಿದ್ದೇನೆ. ಮೊದಲ ಎರಡನ್ನು ಚಕ್ರದ ಕಡ್ಡಿಗಳ ಸಮೇತ ಬಿಡಿಸಿದ್ದು ಅತಿಯಾಯಿತು, ಉಳಿದವು ಬರೀ ಹ್ಯಾಂಡಲ್ ಮತ್ತು ಮಡ್‌ಗಾರ್ಡಿನ ಗೆರೆಗಳು. ಒಂದು ಸೈಕಲ್ಲಿಗೆ ಕ್ರಿಮ್ಸನ್ ಹಾಕಬೇಕೆಂದಿದ್ದೆ. ನನ್ನಲ್ಲಿದ್ದ ಟ್ಯೂಬು ಬೆಳಕಿಗೆ ಮಾಸುವ ಜಾತಿಯದು, ಹಿಂದೊಂದು ಚಿತ್ರದಲ್ಲಿ ಅನುಭವಿಸಿದ್ದೇನೆ. ಅದಕ್ಕೆ ಲೈಟ್ ರೆಡ್ಡನ್ನೇ ಗಾಢವಾಗಿ ಹಾಕಿದೆ.

ಹಂತ 7. ಕಟ್ಟು ಮತ್ತು ಖರ್ಚು

ಶಿರಸಿಯಲ್ಲಿ ಚಿತ್ರಕ್ಕೆ ಕಟ್ಟು ಹಾಕಿಸಿದೆ. ಮೊದಲ ಸಲ ಅಂಗಡಿಯವರು ಮೌಂಟ್ (ಗಾಜಿಗೂ ಚಿತ್ರಕ್ಕೂ ನಡುವೆ ಅಂತರ ಇಡುವ ರಟ್ಟಿನ ಅಂಚು) ಇಲ್ಲದೆ ಗಾಜನ್ನು ನೇರ ಚಿತ್ರಕ್ಕೆ ಒತ್ತಿ ಕೂರಿಸಿದ್ದರು. ನಮ್ಮ ಹವೆಗೆ ಹಾಗೆ ಮಾಡಿದರೆ ಗಾಜಿನ ಬೆವರು ಚಿತ್ರಕ್ಕೆ ಇಳಿದು ಬೂಸ್ಟು ಹಿಡಿಯುತ್ತದೆ. ಬಿಚ್ಚಿಸಿ, ಎರಡೂವರೆ ಅಂಗುಲದ ಮೌಂಟ್ ಇಡಿಸಿ ಮತ್ತೆ ಕಟ್ಟಿಸಿದೆ.

ಕಾಗದ 1,560, ಅಂಚೆ 120, ಹಲಗೆ 250, ಗಮ್ ಟೇಪು 160, ಮಾಸ್ಕಿಂಗ್ ಫ್ಲೂಯಿಡ್ 190, ಎರಡು ಬಣ್ಣದ ಟ್ಯೂಬು 340, ಕಟ್ಟು 2,650. ಒಟ್ಟು 5,270 ರೂಪಾಯಿ. ಶಿರಸಿಗೆ ನಾಲ್ಕು ಸಲ ಹೋಗಿ ಬಂದದ್ದು ಶಕ್ತಿ ಯೋಜನೆಯ ಬಸ್ಸಿನಲ್ಲಿ, ಅದಕ್ಕೆ ಖರ್ಚಿಲ್ಲ. ಮಾಸ್ಕಿಂಗಿನ ಹಣ ಪೂರ್ತಿ ದಂಡ. ಕಾಗದ ಅರ್ಧ ಹಾಳೆ ಉಳಿದಿದೆ.

ತೂಗುಹಾಕುವ ಜಾಗದ ಬಗ್ಗೆ ಚರ್ಚೆಯಾಯಿತು. ಒಳಗಿನಿಂದ ಕಿಂಡಿಗಳಿರುವ ಗೋಡೆಯಲ್ಲೇ ಹಾಕೋಣ ಎಂದರು ಎಲ್ಲರೂ. ಆ ಗೋಡೆ ಮಳೆಗಾಲದಲ್ಲಿ ಜಿನುಗುತ್ತದೆ, ಕೈ ಇಟ್ಟರೆ ಒದ್ದೆ. ಕೊನೆಗೆ ಅದರ ಎದುರಿನ ಕಪಾಟಿನ ಮರದ ಬದಿಗೆ ಹಾಕಿದೆವು. ಹಿಂದೆ ಗಾಳಿಯಾಡಲೆಂದು ಕಟ್ಟಿನ ನಾಲ್ಕು ಮೂಲೆಗೂ ಅರ್ಧ ಅಂಗುಲದ ಬಿರಡೆ ತುಂಡು ಅಂಟಿಸಿದ್ದೇನೆ.

ಅಜ್ಜ ಬಂದು ನೋಡಿದರು. ಮೇಲಿನ ಕಿಂಡಿಯ ಹತ್ತಿರ ಗಾಜಿನ ಮೇಲೆ ಬೆರಳಿಟ್ಟು ಪಕ್ಕದಲ್ಲಿದ್ದ ಹುಡುಗನಿಗೆ, "ಇದನ್ನು ನಾನು ಕೊರೆದದ್ದು" ಎಂದರು. ಹುಡುಗ ತಿರುಗಿ ನಿಜವಾದ ಕಿಂಡಿಯ ಕಡೆ ಹೋಗಿ, ಸ್ಟೂಲ್ ಹತ್ತಿ, ಉಳಿಯ ಏಟುಗಳನ್ನು ಮುಟ್ಟಿ ನೋಡಿದ.

ಬಾಕಿ ಕೆಲಸ ಎರಡು. ಮಳೆ ಬಿಟ್ಟ ಮೇಲೆ ಕಟ್ಟನ್ನು ಇಳಿಸಿ ಹಿಂಬದಿಯ ರಟ್ಟಿಗೆ ಬೂಸ್ಟು ಬಂದಿದೆಯೇ ನೋಡಬೇಕು. ಉಳಿದ ಅರ್ಧ ಹಾಳೆಯಲ್ಲಿ ಒಳಗಿನ ಶಾಫ್ಟ್ ಮತ್ತು ದೀಪಗಳನ್ನು ಮಾಡಬೇಕು. ಈ ಸಲ ಶಾಫ್ಟಿನ ಮೇಲೆ ಬೆಲ್ಟ್ ಸುತ್ತುತ್ತಿದ್ದ ರಾಟೆಗಳ ಅಳತೆಯನ್ನು ಮೊದಲೇ ತೆಗೆದುಕೊಂಡಿದ್ದೇನೆ: ದೊಡ್ಡದು 30 ಅಂಗುಲ, ಉಳಿದ ಎರಡು 18.